ಮಳೆಗಾಲದ ಅಂಗಡಿ

ಮಡಿಕೇರಿ ಮಳೇಲಿ ಆನ್‌ಲೈನ್ ಅಂಗಡಿ ನಡ್ಸೋರ ಪಾಡು ಕೇಳ್ಬೇಡಿ, ಮೂರು ದಿನದಿಂದ ಕರೆಂಟಿಲ್ಲ, ಆರ್ಡರ್ ಬಂದಿದ್ಯಾ ನೋಡೋಕೂ ಛತ್ರಿ ಹಿಡ್ಕೊಂಡು ಗೇಟ್ ಹತ್ರ ಹೋಗಿ ಫೋನ್ ಎತ್ತಿ ನಿಲ್ಬೇಕು. ಹೋದ್ವರ್ಷ ಜುಲೈನಲ್ಲಿ ನಾನು ಹೆಣೆದ 6 ಕ್ರೋಶೆ ಬ್ಯಾಗಿಗೆ ಬೂಷ್ಟು ಹಿಡ್ದು ಹಾಳಾಯ್ತು, ಅದಕ್ಕೆ ಈ ಸಲ ಅತ್ತೆ ಎಲ್ಲಾನೂ ಒಲೆ ಮೇಲಿನ ಅಟ್ಟದಲ್ಲಿಟ್ರು. ಬೆಂಗಳೂರಿನ ಕಸ್ಟಮರ್ ಒಬ್ರು 'ಹೊಗೆ ವಾಸನೆ ಚೆನ್ನಾಗಿದೆ, ಬೇಕಂತಲೇ ಹಾಕಿದ್ದಾ?' ಅಂತ ಮೆಸೇಜ್ ಮಾಡಿದ್ರು 😂

ತೋಟದಲ್ಲಿ ಕಾಫಿ ಕುಯ್ಯೋ ಕೂಲಿ ರೂಪಾಯಿ ಲೆಕ್ಕದಲ್ಲಿ ಬರ್ದಿಡ್ತೀವಿ, ನಾನು ಎರಡು ದಿನ ಕೂತು ಹೆಣೆದಿದ್ದಕ್ಕೆ ರೇಟ್ ಹೇಳೋಕೆ ಮಾತ್ರ ಇನ್ನೂ ನಾಚಿಕೆ, ಯಾಕೋ ಗೊತ್ತಿಲ್ಲ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ (ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬ) ಮುಂಚೆ ಇನ್ನೂ 4 ಪಾರ್ಸೆಲ್ ಹೋಗ್ಬೇಕು. ಅತ್ತೆ ಈಗ ಹೊಗೆಗೆ ಕಮಿಷನ್ ಕೇಳ್ತಿದಾರೆ.