ಪೀಕ್ ಇಳದ್ರ ಸಾಲದು, ತಮ್ಮಾ

ಈ ಮಳೆಗಾಲದಲ್ಲಿ ನಮ್ಮ ಕೆಮಿಸ್ಟ್ರಿ ಸರ್ ತೀರಿಕೊಂಡರು. ಧಾರವಾಡ ಕಡೆಯವರು, ಪುಣೆಯಲ್ಲೇ ನೆಲೆಯಾದವರು. ಪಾಠ ಇಂಗ್ಲಿಷಿನಲ್ಲಿ, ಲ್ಯಾಬಿನ ಮಾಮಾನೊಂದಿಗೆ ಮರಾಠಿ, ಬೈಯಲು ಮಾತ್ರ ಅಪ್ಪಟ ಕನ್ನಡ. ಸಿಲಬಸ್ ಪೂರ್ತಿ ಮರೆತುಹೋಗಿದೆ. ಘನ ರಾಕೆಟ್ ಇಂಧನದ ನ್ಯಾನೊ ವೇಗವರ್ಧಕಗಳ ಬಗ್ಗೆ ಅವರು ಹೇಳಿದ್ದು ಮಾತ್ರ ಮರೆತಿಲ್ಲ.

ಈ ಇಂಧನ ಉರಿಯಲು ಆಮ್ಲಜನಕ ಒದಗಿಸುವ ಅಮೋನಿಯಂ ಪರ್‌ಕ್ಲೋರೇಟ್ ಕಾಯುತ್ತ ಹೋದಂತೆ ಸುಮಾರು 240 ಡಿಗ್ರಿಯಲ್ಲಿ ಹರಳಿನ ರೂಪ ಬದಲಿಸುತ್ತದೆ. 300ರ ಸುತ್ತ ಮೊದಲ ವಿಘಟನೆ, 400 ದಾಟಿದ ಮೇಲೆ ಎರಡನೆಯದು. ವೇಗವರ್ಧಕವಾಗಿ ಕಬ್ಬಿಣದ ಆಕ್ಸೈಡ್ ಸೇರಿಸಿದರೆ ಈ ಕೊನೆಯ ಪೀಕ್, ಅಂದರೆ ಗ್ರಾಫಿನಲ್ಲಿ ವಿಘಟನೆ ಶಿಖರ ಮುಟ್ಟುವ ಉಷ್ಣತೆ, ಕೆಳಗಿಳಿಯುತ್ತದೆ, 240ರದು ಕದಲುವುದಿಲ್ಲ. 3 ಮೈಕ್ರಾನ್ ಕಣಗಳಾದರೆ ಒಂದು ಗ್ರಾಂ ಆಕ್ಸೈಡಿಗೆ ಸುಮಾರು 0.4 ಚದರ ಮೀಟರ್ ಮೇಲ್ಮೈ, 30 ನ್ಯಾನೊಮೀಟರಿನವಾದರೆ 38. "ಇದು ಕಾಗದದ ಮ್ಯಾಲಿನ ಲೆಕ್ಕ. ಒಣಗಿಸೂಮುಂದ ಉಪ್ಪಿಟ್ಟಿನ್ಯಾಗ ರವಾ ಗಂಟಾಧಂಗ ಆಗ್ತಾವ" ಎನ್ನುತ್ತಿದ್ದರು. ಗಂಟಾದರೆ ಮೇಲ್ಮೈಯ ಲಾಭ ಹೋಯಿತು. ಬಿಡಿಬಿಡಿಯಾಗಿ ಉಳಿದರೆ ಇನ್ನೊಂದು ಪೇಚು: ಇದೆಲ್ಲವನ್ನು ಹಿಡಿದಿಡುವ ಅಂಟು, ಅಂದರೆ ಬೈಂಡರ್, ಮಂದವಾಗಿ, ಅಚ್ಚಿಗೆ ಸುರಿಯುವಾಗ ಗಾಳಿಗುಳ್ಳೆ ಒಳಗೇ ಸಿಕ್ಕಿಬೀಳುತ್ತದೆ. ಉರಿ ಗುಳ್ಳೆಗೆ ತಲುಪಿದಾಗ ಉರಿಯುವ ಮೇಲ್ಮೈ ಒಮ್ಮೆಲೇ ಹೆಚ್ಚುತ್ತದೆ.

ಒಂದು ಶನಿವಾರ ಯಾರೋ ಮಿಸಳ್ ತಿನ್ನುವ ಅವಸರದಲ್ಲಿ ಡಿಎಸ್‌ಸಿ ಯಂತ್ರದ (ಮಾದರಿಯನ್ನು ಕಾಯಿಸುತ್ತ ಅದು ಹೀರುವ, ಬಿಡುವ ಶಾಖ ಅಳೆಯುವಂಥದ್ದು) ಕಾಯಿಸುವ ವೇಗವನ್ನು ನಿಮಿಷಕ್ಕೆ 10ರಿಂದ 20 ಡಿಗ್ರಿಗೆ ಏರಿಸಿ, ವರದಿಯಲ್ಲಿ 10 ಎಂದೇ ಬರೆದರು. ವೇಗ ಇಮ್ಮಡಿಯಾದರೆ ಪೀಕ್ ಹತ್ತು ಹದಿನೈದು ಡಿಗ್ರಿ ಮೇಲೆ ಸರಿಯುತ್ತದೆ. ಸರ್ ಗ್ರಾಫನ್ನೊಮ್ಮೆ ನೋಡಿ, "ಮಿಸಳ್ ಖಾರಿತ್ತೇನ್ರೋ?" ಎಂದರು. ಸೋಮವಾರ ಇಡೀ ಬ್ಯಾಚ್ ನಾಲ್ಕು ಬೇರೆ ಬೇರೆ ವೇಗಗಳಲ್ಲಿ ಮತ್ತೆ ಓಡಿಸಬೇಕಾಯಿತು. ಬೇರೆ ಬೇರೆ ವೇಗಗಳ ಪೀಕ್ ನೋಡಿ ವಿಘಟನೆಯ ಸಕ್ರಿಯಣ ಶಕ್ತಿ ಲೆಕ್ಕಹಾಕುವ ಕಿಸಿಂಜರ್ ವಿಧಾನ ಕಲಿತದ್ದು ಹಾಗೆ.

ಈಗಿನ ಪ್ರಾಜೆಕ್ಟ್ ವರದಿಗಳಲ್ಲಿ ಪೀಕ್ ಎಷ್ಟು ಇಳಿಯಿತೆಂದು ಬರೆದರೆ ಮುಗಿಯಿತು, ಮಾರ್ಕ್ಸ್ ಬಂತು. ಜಂಬವೆನಿಸಿದರೂ ಸರಿ, ನಮ್ಮ ಬ್ಯಾಚಿನವರು ಅಷ್ಟಕ್ಕೇ ತಲೆದೂಗುವುದಿಲ್ಲ. ಡಿಎಸ್‌ಸಿ ಓಡುವುದು ವಾತಾವರಣದ ಒತ್ತಡದಲ್ಲಿ, ನಿಧಾನಕ್ಕೆ. ರಾಕೆಟ್ ಮೋಟರಿನೊಳಗಿನ ಒತ್ತಡ ಅದರ ಹತ್ತಾರು ಪಟ್ಟು, ಕಾಯುವುದು ಕ್ಷಣಾರ್ಧದಲ್ಲಿ. ಉರಿಯುವ ವೇಗವನ್ನು ಇಂಧನದ ಕಡ್ಡಿ ಉರಿಸಿ ನೋಡುವ ಸ್ಟ್ರ್ಯಾಂಡ್ ಬರ್ನರಿನಲ್ಲಿ, ಹಲವು ಒತ್ತಡಗಳಲ್ಲಿ ಅಳೆದು, ಒತ್ತಡದ ಜತೆ ಆ ವೇಗ ಎಷ್ಟು ಏರುತ್ತದೆಂದು ಹೇಳುವ ಘಾತಾಂಕ ತೆಗೆಯಬೇಕು. ಅದು 0.3 ಇದ್ದರೆ ಉರಿಯುವ ಮೇಲ್ಮೈ ಶೇ. 10 ಹೆಚ್ಚಿದಾಗ ಒತ್ತಡ ಸುಮಾರು ಶೇ. 15 ಏರುತ್ತದೆ, 0.6 ಇದ್ದರೆ ಶೇ. 27. ವೇಗದ ಜತೆ ಘಾತಾಂಕವನ್ನೂ ಏರಿಸುವ ವೇಗವರ್ಧಕಕ್ಕೆ ಸರ್ ಪಾಸ್ ಮಾರ್ಕ್ಸ್ ಕೊಡುತ್ತಿರಲಿಲ್ಲ.