ಲಿನಕ್ಸ್ ಒಂದೇ ಯುನಿಕ್ಸ್ ಅಲ್ಲ

ಮೈಸೂರಿನ ಕುವೆಂಪುನಗರದ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಫ್ರೀಬಿಎಸ್‌ಡಿ ಇದೆ, ಅದೂ ಲಿನಕ್ಸ್‌ನಂತೆ ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಮ್. ಅದರಲ್ಲಿ ಒಂದು ಓಪನ್ ಸೋರ್ಸ್ ಪ್ರೋಗ್ರಾಂ ಬಿಲ್ಡ್ ಮಾಡಲು, ಅಂದರೆ ಸೋರ್ಸ್ ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಿಸಲು, ಕೂತೆವು. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ನಿಂತಿತು. ಅದು ಸ್ಕ್ರಿಪ್ಟ್‌ನ ಆದೇಶಗಳನ್ನು ನಡೆಸುವ ಬ್ಯಾಷ್ ಅನ್ನು ಲಿನಕ್ಸ್‌ನಲ್ಲಿರುವ ಜಾಗದಲ್ಲೇ ಹುಡುಕುತ್ತಿತ್ತು. ಇಲ್ಲಿ ಬ್ಯಾಷ್ ಬೇರೆ ಪ್ಯಾಕೇಜ್, ಕೂರುವ ಫೋಲ್ಡರೂ ಬೇರೆ. ಆಮೇಲೆ ಬಿಲ್ಡ್‌ನ ಹಂತಗಳನ್ನು ಬರೆದಿಟ್ಟ ಮೇಕ್‌ಫೈಲ್‌ಗೆ ಗ್ನೂ ಮೇಕೇ ಬೇಕಾಯಿತು, ಫ್ರೀಬಿಎಸ್‌ಡಿಯ ಸ್ವಂತ ಮೇಕ್ ಸಾಲಲಿಲ್ಲ.

ನಿಜವಾದ ಕಷ್ಟ ಇಪೋಲ್, ಅಂದರೆ ಹಲವು ನೆಟ್‌ವರ್ಕ್ ಸಂಪರ್ಕಗಳಲ್ಲಿ ಯಾವುದಕ್ಕೆ ಡೇಟಾ ಬಂದಿದೆ ಎಂದು ಪ್ರೋಗ್ರಾಂಗೆ ತಿಳಿಸುವ ವ್ಯವಸ್ಥೆ. ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನದು. ಫ್ರೀಬಿಎಸ್‌ಡಿಯಲ್ಲಿ ಆ ಕೆಲಸಕ್ಕೆ 2000ದಿಂದಲೇ ಕೆಕ್ಯೂ ಇದೆ. ಸುಮ್ನೆ ಹೆಸರು ಬದಲಿಸಿದರೆ ಆಗುವುದಿಲ್ಲ, ಆ ಭಾಗದ ಕೋಡನ್ನೇ ಹೊಸದಾಗಿ ಬರೆಯಬೇಕು.

ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳಿಗೆಲ್ಲ ಒಂದೇ ನಿಯಮ ಹಾಕುವ ಪಾಸಿಕ್ಸ್ ಮಾನದಂಡ ಬಂದಿದ್ದು 1988ರಲ್ಲಿ, ಇಂಥ ತೊಡಕು ತಪ್ಪಿಸಲೆಂದೇ. ಆ ಪ್ರೋಗ್ರಾಂ ಬರೆದವರ ಮೇಲೆ ನನಗೆ ಕೋಪವಿಲ್ಲ. ಎಷ್ಟೋ ಜನ ಬಿಡುವಿನಲ್ಲಿ, ಸಂಬಳವಿಲ್ಲದೆ ದುಡಿಯುತ್ತಾರೆ. ಆದರೂ ಬಿಡುಗಡೆಗೆ ಮುಂಚೆ ಲಿನಕ್ಸ್ ಅಲ್ಲದ ಒಂದು ಯಂತ್ರದಲ್ಲಿ ಓಡಿಸಿ ನೋಡಬೇಕು, ಅಲ್ವಾ?