ಅಪ್ಪಾಜಿ ಡಬಲ್ ಕ್ಲಿಕ್ ಮಾಡಿದ್ರೆ ಯಾವುದು ತೆರೀಬೇಕು?

ದಿನ 1

ಮುನಿರಾಬಾದಿನ ಮನೆಯ ಹಳೇ ಡೆಸ್ಕ್‌ಟಾಪಿಗೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಲಿನಕ್ಸ್ ಮಿಂಟ್ ಹಾಕಿದ್ದಾಯ್ತು. 4 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ, ಜೊತೆಗೆ ಫೋಟೊ ತುಂಬಿದ 500 ಜಿಬಿ ಹಾರ್ಡ್‌ಡಿಸ್ಕ್. ಪ್ರಿಂಟರ್, ವೈಫೈ, ಕನ್ನಡ ಕೀಲಿಮಣೆ ಎಲ್ಲಾ ಒಂದೇ ಸಂಜೆಗೆ ಮುಗಿದವು. ಅಪ್ಪಾಜಿ ಕುರ್ಚಿ ಎಳಕೊಂಡು ಕೂತು ಕೇಳಿದ್ದು ಒಂದೇ ಮಾತು: "ಡ್ಯಾಮಿನ ಫೋಟೊ ಎಲ್ಲಿ ಅದಾವೋ ತಮ್ಮಾ?"

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆವಾಗಿನಿಂದ ಅವರಿಗೆ ಇದೇ ಧ್ಯಾನ. ಡ್ಯಾಮ್ ತುಂಬಿ ಗೇಟು ತೆಗೆದ ವರ್ಷವೆಲ್ಲಾ ಹೋಗಿ ಫೋಟೊ ಹೊಡೆದವರು. 33 ಗೇಟುಗಳ ಹಳೇ ಫೋಟೊಗಳನ್ನು ವರ್ಷದ ಪ್ರಕಾರ ಜೋಡಿಸಿ ನೋಡಬೇಕಂತೆ. ಡಿಸ್ಕಿನಲ್ಲಿರುವುದು ಒಟ್ಟು 31 ಸಾವಿರ ಫೋಟೊ, 96 ಜಿಬಿ. ಫೋಲ್ಡರ್‌ಗಳ ಹೆಸರು 'ಹೊಸದು', 'ಹೊಸದು 2', 'ಮೊಬೈಲ್ ಎಲ್ಲಾ', 'ಮೊಬೈಲ್ ಎಲ್ಲಾ ಕಾಪಿ'.

ಹಾಗಾಗಿ ಈ ಕಂಪ್ಯೂಟರಿಗೆ ಒಂದು ಡೀಫಾಲ್ಟ್ ಫೋಟೊ ಮ್ಯಾನೇಜರ್, ಅಂದ್ರೆ ಡಬಲ್ ಕ್ಲಿಕ್ ಮಾಡಿದ್ರೆ ತಾನಾಗೇ ತೆರೆಯುವ, ಫೋಟೊ ಜೋಡಿಸಿ ತೋರಿಸುವ ಪ್ರೋಗ್ರಾಮ್ ಆರಿಸಬೇಕು. ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ.

ದಿನ 2

ಆರಿಸುವ ಮುಂಚೆ ಒಂದು ಹಳೇ ಗಾಯದ ಬಗ್ಗೆ ಹೇಳಬೇಕು. ಬಳ್ಳಾರಿಯಲ್ಲಿ ಓದುವಾಗ ಹಾಸ್ಟೆಲ್ಲಿನ ಕಂಪ್ಯೂಟರಿನಲ್ಲಿ ಉಬುಂಟು ಅನ್ನೋ ಲಿನಕ್ಸ್ ಇತ್ತು, ಅದರಲ್ಲಿ ಎಫ್-ಸ್ಪಾಟ್ ಅನ್ನೋ ಫೋಟೊ ಪ್ರೋಗ್ರಾಮ್. ಒಂದು ಸೆಮಿಸ್ಟರ್ ಪೂರ್ತಿ ಕೂತು ಸಾವಿರಾರು ಫೋಟೊಗಳಿಗೆ ಟ್ಯಾಗ್, ಅಂದ್ರೆ ಆಮೇಲೆ ಹುಡುಕೋಕೆ ಗುರುತಿನ ಪದ, ಹಾಕಿದ್ದೆ. 2010ರ ಅಕ್ಟೋಬರಿನಲ್ಲಿ ಉಬುಂಟು 10.10 ಬಂತು, ಎಫ್-ಸ್ಪಾಟ್ ಹೋಗಿ ಶಾಟ್‌ವೆಲ್ ಡೀಫಾಲ್ಟ್ ಆಯಿತು. ನಾನು ಹುರುಪಿನಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸದು ಹಾಕಿದೆ. ಫೋಟೊ ಫೋಲ್ಡರ್ ಮಾತ್ರ ಕಾಪಿ ಮಾಡಿಟ್ಟಿದ್ದೆ. ಟ್ಯಾಗ್‌ಗಳಿದ್ದದ್ದು ಹೋಮ್ ಫೋಲ್ಡರಿನಲ್ಲಿ ಅಡಗಿದ್ದ ಡೇಟಾಬೇಸ್ ಫೈಲಿನಲ್ಲಿ. ಅಡಗಿದ ಫೈಲ್ ಕಾಪಿ ಆಗಿರಲಿಲ್ಲ. ಫೋಟೊ ಉಳಿದವು, ಬರೆದದ್ದೆಲ್ಲಾ ನೀರಿಗೆ ಹೋಯಿತು.

ಅದಕ್ಕೇ ಈ ಸಲ ಪರೀಕ್ಷೆ ಒಂದೇ. ಪ್ರೋಗ್ರಾಮಿನಲ್ಲಿ ಒಂದು ಫೋಟೊಗೆ 'ಡ್ಯಾಮ್' ಅಂತ ಟ್ಯಾಗ್ ಹಾಕೋದು, ಮುಚ್ಚೋದು, ಟರ್ಮಿನಲ್‌ನಲ್ಲಿ ಎಕ್ಸಿಫ್‌ಟೂಲ್ (ಫೋಟೊ ಫೈಲಿನೊಳಗಿನ ಮಾಹಿತಿ ಓದಿ, ಬರೆಯುವ ಪ್ರೋಗ್ರಾಮ್) ಓಡಿಸಿ ಆ ಪದ ಫೋಟೊ ಫೈಲಿನ ಒಳಗೇ ಕೂತಿದೆಯಾ ನೋಡೋದು. ನೋಟ ಚೆಂದ ಇದೆಯಾ ಅನ್ನೋದು ಆಮೇಲೆ.

ದಿನ 3

ಶಾಟ್‌ವೆಲ್. ಪರಿಚಯದ ಮುಖ, ಹಗುರ, 4 ಜಿಬಿಯಲ್ಲೂ ಸರಾಗ. ಪರೀಕ್ಷೆಯಲ್ಲಿ ಮೊದಲು ಫೇಲ್: ಟ್ಯಾಗ್ ತನ್ನ ಡೇಟಾಬೇಸಿನಲ್ಲೇ ಇಟ್ಟುಕೊಂಡಿತ್ತು. ಪ್ರಿಫರೆನ್ಸಸ್‌ನಲ್ಲಿ ಟ್ಯಾಗು, ಶೀರ್ಷಿಕೆಗಳನ್ನು ಫೈಲಿಗೇ ಬರೆಯುವ ಆಯ್ಕೆಗೆ ಟಿಕ್ ಹಾಕಿದ ಮೇಲೆ ಪಾಸ್.

ನಾನು ಚಹಾ ಕುಡಿಯೋಕೆ ಎದ್ದೆ. ಅಪ್ಪಾಜಿ ಕೂತರು. ಇಂಪೋರ್ಟ್ ಮಾಡುವಾಗ ಶಾಟ್‌ವೆಲ್ ಒಂದು ಪ್ರಶ್ನೆ ಕೇಳುತ್ತೆ: ಫೋಟೊಗಳನ್ನು ಲೈಬ್ರರಿಗೆ ಕಾಪಿ ಮಾಡಲೋ, ಇದ್ದ ಜಾಗದಲ್ಲೇ ಬಿಟ್ಟು ಸೇರಿಸಿಕೊಳ್ಳಲೋ? ಅವರು ಕಾಪಿ ಒತ್ತಿದರು. ಒಂದೂವರೆ ತಾಸಿನ ಮೇಲೆ ನೋಡಿದರೆ ಎಸ್‌ಎಸ್‌ಡಿಯಲ್ಲಿ ಒಂದು ಎಂಬಿಯೂ ಖಾಲಿ ಇಲ್ಲ, ಬ್ರೌಸರ್ ಕೂಡ ತೆರೀತಿಲ್ಲ. ತಪ್ಪು ಅವರದಲ್ಲ. 'ಕಾಪಿ' ಅಂದ್ರೆ ಒಂದು ಹೆಚ್ಚಿಗೆ ಇರಲಿ ಅಂತ ಯಾರಾದರೂ ಒತ್ತೋರೇ.

ಅದಕ್ಕಿಂತ ದೊಡ್ಡ ತಕರಾರು ಮರುದಿನ ಬಂತು. "ನನ್ನ ಫೋಲ್ಡರ್ ಎಲ್ಲಿ ಹೋತು?" ಶಾಟ್‌ವೆಲ್ ಮುಂದೆ ಮಾಡೋದು ತಾರೀಖಿನ ಪ್ರಕಾರ ಮಾಡಿದ ಈವೆಂಟ್‌ಗಳನ್ನು. ಅಪ್ಪಾಜಿ ತಲೆಯಲ್ಲಿ ಇರೋದು ಬೀರು, ಬೀರುವಿನಲ್ಲಿ ಖಾನೆ, ಖಾನೆಯಲ್ಲಿ ಲಕೋಟೆ. 'ಹೊಸದು 2'ರಲ್ಲಿ ಏನಿದೆ ಅಂತ ಅವರಿಗೆ ಬಾಯಿಪಾಠ.

ದಿನ 5, 6

ಡಿಜಿಕ್ಯಾಮ್ ಅನ್ನೋ ಇನ್ನೊಂದು ಫೋಟೊ ಪ್ರೋಗ್ರಾಮ್ ಹಾಕಿದೆ. ಮೊದಲ ಸಲ ತೆರೆದಾಗಲೇ, ಮಾಹಿತಿಯನ್ನು ಫೈಲಿಗೆ ಬರೀಲಾ ಬೇಡವಾ ಅಂತ ಕೇಳುತ್ತೆ. ಆ ಒಂದು ಪ್ರಶ್ನೆಗೇ ನನ್ನ ಓಟು ಬಿತ್ತು. ಆಲ್ಬಮ್ ಅಂದ್ರೆ ಇಲ್ಲಿ ಡಿಸ್ಕಿನ ಫೋಲ್ಡರೇ, ಫೋಟೊ ಎಲ್ಲಿಗೂ ಕದಲೋದಿಲ್ಲ. ಆದರೆ ಕೆಡಿಇ ಅನ್ನೋ ಬೇರೊಂದು ಲಿನಕ್ಸ್ ಡೆಸ್ಕ್‌ಟಾಪಿನ ಲೈಬ್ರರಿಗಳನ್ನೆಲ್ಲಾ ಎಳಕೊಂಡು ಬರುತ್ತೆ, ಮುಖ ಗುರುತಿಸೋದಕ್ಕೆ ಬೇಕಾದ ಫೈಲುಗಳು ಬೇರೆ. ಮೊಬೈಲ್ ಹಾಟ್‌ಸ್ಪಾಟಿನ ಡೇಟಾ ಅಲ್ಲಿಗೇ ಖಲಾಸ್.

ಮುಖ ಹುಡುಕೋಕೆ ರಾತ್ರಿ ಬಿಟ್ಟು ಮಲಗಿದೆ. ನಡುರಾತ್ರಿ ಕರೆಂಟು ಹೋಯಿತು, ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯಿತು. ಮರುದಿನ ಮತ್ತೆ ಹಚ್ಚಿದೆ. ಇಟಗಿ ಮಹಾದೇವ ಗುಡಿಗೆ ಹೋದಾಗಿನ ಫೋಟೊಗಳಲ್ಲಿ ಕಲ್ಲಿನ ಮುಖಗಳನ್ನೂ ಹಿಡಿದು 'ಇವರು ಯಾರು?' ಅಂತ ಸಾಲಾಗಿ ನಿಲ್ಲಿಸಿತ್ತು. ಅದರಲ್ಲೊಂದು ನಮ್ಮ ಚಿಕ್ಕಮ್ಮ ಇರಬಹುದು ಅಂತ ಸಲಹೆ ಬೇರೆ. ಚಿಕ್ಕಮ್ಮನಿಗೆ ಹೇಳಿದೆ, ಅವತ್ತಿಂದ ಲಿನಕ್ಸ್ ಅಂದ್ರೆ ಅವಳಿಗೆ ಗೌರವ.

ಅದೇ ಸಾಲಿನಲ್ಲಿ ಆಯಿ ಸಿಕ್ಕಳು. ಯಾರದೋ ಮದುವೆ ಪಂಕ್ತಿಯಲ್ಲಿ ಮೂರನೇ ಸಾಲು, ಸೆರಗು ತಲೆ ಮೇಲೆ, ಕೈಯಲ್ಲಿ ಹೋಳಿಗೆ ತುಂಡು. ಆ ಫೋಟೊ ನಾವ್ಯಾರೂ ತೆರೆದು ನೋಡಿರಲಿಲ್ಲ. ಅವ್ವ ಬಂದು ಸ್ಕ್ರೀನ್ ಮುಂದೆ ನಿಂತೇ ಇದ್ದಳು. ಹೀಗಾಗಿ ಡಿಜಿಕ್ಯಾಮ್ ತೆಗೆಯೋ ಮಾತೇ ಇಲ್ಲ. ಆದರೆ ಅಪ್ಪಾಜಿಗೆ ಡೀಫಾಲ್ಟ್? ತೆರೆಯೋಕೇ ಅರ್ಧ ನಿಮಿಷ, ನಾಲ್ಕೂ ಬದಿಗೆ ಗುಂಡಿಗಳು. ಆಗೋದಲ್ಲ.

ದಿನ 9

ತಾರೀಖಿನ ರಿಪೇರಿ. ಇದು ಪ್ರೋಗ್ರಾಮ್ ಆಯ್ಕೆಯ ಮಾತಲ್ಲ, ಆದರೆ ಇದಿಲ್ಲದೆ ಯಾವ ಪ್ರೋಗ್ರಾಮೂ ವರ್ಷ ಜೋಡಿಸಲಾರದು.

ಹಳೇ ಡಿಜಿಟಲ್ ಕ್ಯಾಮರಾದ ಒಳಗಿನ ಬ್ಯಾಟರಿ ಸತ್ತು ಗಡಿಯಾರ 2005ರ ಜನವರಿಗೆ ಹೋಗಿತ್ತು. ಒಂದು ಫೋಲ್ಡರಿನ ತುಂಬ ಕೆಂಪು ನೀರು, ಮುಳುಗಿದ ಗದ್ದೆ, ಎಲ್ಲದಕ್ಕೂ ಜನವರಿ ತಾರೀಖು. ಅಪ್ಪಾಜಿ ನೋಡಿದವರೇ, "ಇದು ಆ ದೊಡ್ಡ ನೀರು ಬಂದಾಗಿಂದು" ಅಂದರು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆ. ವರ್ಷ ಸಿಕ್ಕಿತು, ದಿನ? ಅದೇ ಫೋಲ್ಡರಿನಲ್ಲಿ ಅವ್ವ ಕಟ್ಟೆ ಮೇಲೆ ಕೂತು ಪೇಪರ್ ಓದುವ ಫೋಟೊ ಇತ್ತು. ದೊಡ್ಡದು ಮಾಡಿ ನೋಡಿದರೆ ಮೂಲೆಯಲ್ಲಿ ಮಸುಕಾಗಿ ಅಕ್ಟೋಬರ್ 3. ಕ್ಯಾಮರಾದ ಪ್ರಕಾರ ಅದು 2005ರ ಜನವರಿ 4. ವ್ಯತ್ಯಾಸ 1,733 ದಿನ. ಎಕ್ಸಿಫ್‌ಟೂಲ್‌ಗೆ ಅಷ್ಟು ದಿನ ಕೂಡಿಸು ಅಂತ ಒಂದು ಸಾಲು ಕೊಟ್ಟೆ, ಇಡೀ ಫೋಲ್ಡರ್ ಮಳೆಗಾಲಕ್ಕೆ ಬಂತು.

ವಾಟ್ಸ್‌ಆ್ಯಪ್ ಫೋಟೊಗಳ ಕಥೆ ಬೇರೆ. ತೆಗೆದ ತಾರೀಖಿನ ಮಾಹಿತಿ ಬರುವಷ್ಟರಲ್ಲೇ ಅಳಿಸಿಹೋಗಿರುತ್ತೆ. ಆದರೆ ಫೈಲಿನ ಹೆಸರಲ್ಲಿ, 'ಐಎಂಜಿ-20190412-ಡಬ್ಲ್ಯುಎ0003' ಅನ್ನೋ ಥರ, ಬಂದ ದಿನ ಇರುತ್ತೆ. ಹೆಸರಿನಿಂದ ದಿನ ಎತ್ತಿ, ಸಮಯ ಮಧ್ಯಾಹ್ನ 12 ಅಂತ ತುಂಬಿದೆ. ತೆಗೆದ ದಿನ ಅಲ್ಲ, ಬಂದ ದಿನ. ಇರಲಿ.

ದಿನ 10

ಕನ್ನಡ ಟ್ಯಾಗಿನಲ್ಲಿ ಒಂದು ತಮಾಷೆ. ಕೊಪ್ಪಳದ ಗವಿಮಠದ ಜಾತ್ರೆಯ ಫೋಟೊಗಳಿಗೆ 'ಗವಿಸಿದ್ಧೇಶ್ವರ ಮಹಾರಥೋತ್ಸವ' ಅಂತ ಎಕ್ಸಿಫ್‌ಟೂಲ್‌ನಿಂದ ಫೋಟೊ ಫೈಲಿನೊಳಗೆ ಮಾಹಿತಿಗೆ ಅಂತಲೇ ಇರುವ ಹಳೇ ಐಪಿಟಿಸಿ ಜಾಗದಲ್ಲಿ ಬರೆದೆ. ಉದ್ದ ಮೀರಿತು, ಕತ್ತರಿಸಿದ್ದೇನೆ ಅಂತ ಎಚ್ಚರಿಕೆ ಬಂತು. ಅಲ್ಲಿ ಒಂದು ಟ್ಯಾಗಿಗೆ 64 ಬೈಟ್ ಮಿತಿ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಮಾಡಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ, ಗುಣಿತ, ಅರ್ಧಾಕ್ಷರದ ಗುರುತು ಸೇರಿ, 3 ಬೈಟ್. ನನ್ನ ಟ್ಯಾಗ್ 70 ಬೈಟ್, ಉಳಿದದ್ದು 'ಮಹಾರಥೋತ್' ತನಕ. ತೇರು ಪಾದಗಟ್ಟೆ ಮುಟ್ಟುವ ಮೊದಲೇ ನಿಂತ ಹಾಗೆ. ಎಕ್ಸ್‌ಎಂಪಿ ಅನ್ನೋ ಹೊಸ ಜಾಗದಲ್ಲಿ ಈ ತೊಂದರೆ ಇಲ್ಲ, ಪೂರ್ತಿ ಕೂರುತ್ತೆ. ಆದರೂ ಇನ್ನು ಮೇಲೆ ಟ್ಯಾಗ್ 'ಜಾತ್ರೆ', ಅಷ್ಟೇ.

ದಿನ 12

ಡೀಫಾಲ್ಟ್: ಪಿಕ್ಸ್. ಮಿಂಟ್ ಜೊತೆಗೇ ಬರುವ, ಜಿ-ಥಂಬ್‌ನಿಂದ ಕವಲೊಡೆದ ಪ್ರೋಗ್ರಾಮ್. ಇಷ್ಟು ದಿನ ಕಣ್ಣ ಮುಂದೇ ಇತ್ತು. ಎಡಕ್ಕೆ ಫೋಲ್ಡರ್, ಬಲಕ್ಕೆ ಫೋಟೊ, ಇಂಪೋರ್ಟ್ ಅನ್ನೋ ಗೊಡವೆ ಇಲ್ಲ. ಹಾಕಿದ ಟ್ಯಾಗ್ ಫೈಲಿನ ಒಳಗೂ ಬರೆದುಕೊಳ್ಳುತ್ತೆ. ನಾನು ಡಿಜಿಕ್ಯಾಮ್‌ನಲ್ಲಿ 'ಡ್ಯಾಮ್' ಅಂತ ಬರೆದದ್ದು ಪಿಕ್ಸ್‌ನಲ್ಲಿ ಹಾಗೇ ಕಾಣಿಸಿತು. ಆ ಹುಡುಕಾಟವನ್ನೇ ಕ್ಯಾಟಲಾಗ್ ಮಾಡಿ ಉಳಿಸಿಕೊಟ್ಟೆ.

ಡಬಲ್ ಕ್ಲಿಕ್ಕಿಗೆ ತೆರೀತಿದ್ದದ್ದು ಮಿಂಟಿನ ಚಿತ್ರ ನೋಡುವ ಪ್ರೋಗ್ರಾಮ್ ಎಕ್ಸ್‌ವ್ಯೂವರ್. ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ 'ಓಪನ್ ವಿತ್'ನಲ್ಲಿ ಬದಲಾಯಿಸಿದೆ. ಜೆಪೆಗ್‌ಗೆ ಬದಲಾಯಿಸಿದರೆ ಪಿಎನ್‌ಜಿಗೆ ಆಗೋದಿಲ್ಲ, ವೆಬ್‌ಪಿಗೂ ಇಲ್ಲ. ಒಂದೊಂದಕ್ಕೂ ಬೇರೆ ಬೇರೆ ಹೇಳಬೇಕು. ಶಾಟ್‌ವೆಲ್ ತೆಗೆದೆ. ಡಿಜಿಕ್ಯಾಮ್ ಮೆನುವಿನಲ್ಲಿದೆ, ಅದರ ಐಕಾನ್ ಡೆಸ್ಕ್‌ಟಾಪಿನಲ್ಲಿಲ್ಲ.

ದಿನ 14

ಅಪ್ಪಾಜಿ ತಾವೇ ತೆರೆದು ಡ್ಯಾಮಿನ ಫೋಟೊ ಒಂದೊಂದಾಗಿ ನೋಡುತ್ತಾ ಗೇಟು ಎಣಿಸುತ್ತಿದ್ದಾರೆ. ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ.

ಬಾಕಿ: 'ಮೊಬೈಲ್ ಎಲ್ಲಾ ಕಾಪಿ'ಯಲ್ಲಿ ಎರಡೆರಡು ಇರುವ ಫೋಟೊ ತೆಗೆಯೋದು, ಪೂರ್ತಿ ಡಿಸ್ಕಿನ ಇನ್ನೊಂದು ನಕಲು. ಮತ್ತೆ ಶುಭೋದಯದ ಹೂವು, ಸೂರ್ಯ, ಚಹಾ ಕಪ್ಪಿನ ಚಿತ್ರ 4 ಸಾವಿರ. ಅಳಿಸಲಾ ಅಂತ ಕೇಳಿದೆ.

"ಪ್ರೀತಿಲೇ ಕಳಿಸ್ಯಾರ, ಇರ್ಲಿ ಬಿಡು."

ಅವಕ್ಕೂ ಈಗ ಒಂದು ಫೋಲ್ಡರ್ ಇದೆ.